ನಿದ್ದಿ ಪೈಲವಾನನ ಹೆಸರು

ಗಜೇಂದ್ರಗಡ
20 ಜೂನ್ 2024

ಪ್ರೀತಿಯ ಶಾಹೀದ,

ನಿನ್ನ ಆಪಾಳ ಸಲಾಂ. ಯಾರು ಗೆಲ್ಲುತ್ತಾರೆಂಬ ಗುಟ್ಟು ಹೊರಗೆ ಹೋಗಬಾರದೆಂದು ಟೀವಿ ಕುಸ್ತಿಯ ಕಂಪನಿಯವರು ನಿಮ್ಮ ಫೋನುಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರಂತೆ. ಭಾನುವಾರಕ್ಕೊಮ್ಮೆ ಸಿಗುವ ಹತ್ತು ನಿಮಿಷ ಅಮ್ಮೀಗೇ ಸಾಲದು. ಏನು ತಿಂದೆ ಎಂಬಲ್ಲಿಂದ ಶುರುಮಾಡಿ, ಯಾಕೆ ತಿನ್ನಲಿಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ ಫೋನು ಕಟ್ಟಾಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಯಾರು ಯಾವಾಗ ಬೀಳಬೇಕು, ಯಾರು ಗೆಲ್ಲಬೇಕು ಎಂದು ಎಂಟು ವರ್ಷ ನಿನ್ನ ಒಂದೊಂದು ಕುಸ್ತಿಯನ್ನೂ ಕಾಗದದ ಮೇಲೇ ಬರೆದುಕೊಟ್ಟವಳು ನಾನು. ಮನೆಯಲ್ಲಿ ನಾವಾಡುವ ಮಾತು ಬೇರೆಯಾದರೂ ಬರೆಯಲು ಕೂತರೆ ಇಬ್ಬರಿಗೂ ಕೈಗೆ ಬರುವುದು ಸಾಲಿಯಲ್ಲಿ ಕಲಿತ ಕನ್ನಡವೇ.

ಬಕ್ರೀದಿಗೆ ಕೆಲವೇ ದಿನ ಇರುವಾಗ ನೀನು ಹೊರಟೆ. ಹಬ್ಬದ ದಿನ ರೋಣದಿಂದ ನಮ್ಮ ತಂಡದ ಸಂಗನಬಸವ ಬಂದಿದ್ದ. ಮಗ್ಗದ ಪಕ್ಕ ನೆಲದ ಮೇಲೇ ಕೂತು ಚಹಾ ಕುಡಿದ. ಆ ದೊಡ್ಡ ಮೈ ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. "ಯಕ್ಕಾ, ರಿಂಗ್ ಇನ್ನೂ ಟ್ರ್ಯಾಕ್ಟರ್‌ನ್ಯಾಗ ಐತಿ. ಇಳಸಾಕ ಮನಸ್ಸ ಬರವಲ್ದು" ಎಂದ. ಅಮ್ಮೀ ಅವನಿಗೆ ಎರಡನೆಯ ಸಲ ಚಹಾ ಕೊಟ್ಟಳು.

ಕಡೆಗೂ ಇಳಿಸಿದ, ನಿನ್ನೆ ರೋಣದ ಸಂತೆಯಲ್ಲಿ ನೀನಿಲ್ಲದ ಮೊದಲ ಆಟ ಆಯಿತು. ಸಂಗನಬಸವ ಇಬ್ಬರು ಹೊಸಬರನ್ನು ಎತ್ತಿ ಎತ್ತಿ ಒಗೆದ. ಜನ ಚಪ್ಪಾಳೆ ಹೊಡೆದರು. ಆದರೆ ಆಟ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ: "ನಿದ್ದಿ ಪೈಲವಾನ ಎಲ್ಲದಾನ್ರೀ? ಇನ್ನೂ ಎದ್ದಿಲ್ಲೇನ್ರಿ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನೀನು ಆಡುತ್ತಿದ್ದ ನಿದ್ದಿ ಪೈಲವಾನ ಹುಟ್ಟಿದ ಮಧ್ಯಾಹ್ನ ನಿನಗೆ ನೆನಪಿದೆಯೇ? ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಪಟ್ಟೇದಂಚಿನ ಸೀರೆ ನೇಯುತ್ತಿದ್ದೆ. ಕೈ ಲಾಳಿ ಎಸೆಯುತ್ತಲೇ ಇತ್ತು, ಕಣ್ಣು ಮುಚ್ಚಿಹೋಗಿತ್ತು. ಎಚ್ಚರಾಗಿ ನೋಡಿದರೆ ಒಂದು ಗೇಣು ಬಟ್ಟೆ ನೇಯ್ದಿದ್ದೆ, ಒಂದು ಎಳೆಯೂ ತಪ್ಪಿರಲಿಲ್ಲ. ನಿದ್ದೆಯಲ್ಲೇ ಕುಸ್ತಿ ಆಡುವವನೊಬ್ಬ ಇದ್ದರೆ ಹೇಗೆ ಎಂದು ಆಗ ಹೊಳೆಯಿತು. ಕಣ್ಣು ಮುಚ್ಚಿ ತೂಗಾಡುತ್ತ ರಿಂಗಿಗೆ ಬರುತ್ತಾನೆ. ನಿದ್ದೆಯಲ್ಲಿರುವಷ್ಟು ಹೊತ್ತು ಯಾರ ಪಟ್ಟಿಗೂ ಸಿಗುವುದಿಲ್ಲ. ಎಚ್ಚರಾದರೆ ಹೆದರಿ ಓಡಿಹೋಗುತ್ತಾನೆ. ಅದಕ್ಕೇ ಎದುರಾಳಿ ಡಬ್ಬಿ ಬಡಿಯುತ್ತಾನೆ, ಕೂಗುತ್ತಾನೆ. ಜನ ಬಾಯಿ ಮೇಲೆ ಬೆರಳಿಟ್ಟು "ಶ್" ಅನ್ನುತ್ತಾರೆ. ಇಡೀ ಸಂತೆ ಗಪ್ಪಾಗಿ, ಗುಡ್ಡದ ಮೇಲಿನ ಕರೆಂಟಿನ ಗಾಳಿ ಫ್ಯಾನು ತಿರುಗುವ ಸದ್ದು ಕೆಳಗೆ ಕೇಳುತ್ತಿತ್ತಲ್ಲ, ಅಂಥ ಸಂಜೆಗಳನ್ನು ನಾವು ಮಾಡಿದ್ದೆವು.

ಕರಾರಿನ ಮೂರು ವರ್ಷ ಬೇಗ ಮುಗಿಯಲಿ. ಮೈ ಜೋಪಾನ.

ನಿನ್ನ ಆಪಾ,
ಯಾಸ್ಮಿನ


ಪನವೇಲ್ ಶಿಬಿರ
6 ಜುಲೈ 2024

ಪ್ರೀತಿಯ ಆಪಾ,

ನಿನ್ನ ಕಾಗದ ಬಂದ ದಿನ ಇಲ್ಲಿ ಮೋಡ ಒಳಗೆ ಬಂದಿತ್ತು. ಸುಳ್ಳಲ್ಲ. ಶಿಬಿರ ಗುಡ್ಡದ ಓರೆಯಲ್ಲಿದೆ. ತಗಡಿನ ದೊಡ್ಡ ಹಾಲ್, ಅದರೊಳಗೆ ನಾಲ್ಕು ರಿಂಗು. ಬಾಗಿಲು ತೆಗೆದರೆ ಮಂಜು ನಡೆದು ಒಳಗೆ ಬರುತ್ತದೆ. ಆಚೆಯ ರಿಂಗಿನಲ್ಲಿ ಬೀಳುವವರು ಕಾಣುವುದಿಲ್ಲ, ಬಿದ್ದ ಸದ್ದು ಮಾತ್ರ ಕೇಳುತ್ತದೆ. ಒಂದೊಂದು ಸಲ ಇದೆಲ್ಲ ನೀನು ಬರೆದ ಆಟವೇನೋ ಅನಿಸುತ್ತದೆ.

ಇಲ್ಲಿಯ ರಿಂಗಿನ ಕೆಳಗೆ ಸ್ಪ್ರಿಂಗ್ ಇದೆ ಆಪಾ. ಮೊದಲ ದಿನ ಬೆನ್ನ ಮೇಲೆ ಬಿದ್ದೆ. ನೆಲ ನನ್ನನ್ನು ಸ್ವಲ್ಪ ಮೇಲೆತ್ತಿ ವಾಪಸ್ಸು ಇಟ್ಟಿತು. ನಮ್ಮ ಹಲಗೆ, ಅದರ ಮೇಲಿನ ಹತ್ತಿ ಗಾದಿ, ಅದರ ಮೇಲಿನ ತಾಡಪತ್ರಿ ನೆನಪಾಯಿತು. ಯಾಕೋ ಬಿದ್ದಲ್ಲೇ ಎರಡು ನಿಮಿಷ ಮಲಗಿಬಿಟ್ಟೆ. ಕೋಚ್ ಬಂದು ನೋಡಿದರು. ಅವರು ಮಣಿಪುರದ ಹೆಂಗಸು, ಐವತ್ತು ದಾಟಿದೆ, ನನ್ನ ಭುಜದಷ್ಟೂ ಎತ್ತರವಿಲ್ಲ. "ಪೆಟ್ಟಾಯಿತೇ?" ಎಂದು ಹಿಂದಿಯಲ್ಲಿ ಕೇಳಿದರು. "ಇಲ್ಲ, ಪೆಟ್ಟಾಗಲಿಲ್ಲ, ಅದಕ್ಕೇ" ಎಂದೆ. ಅವರಿಗೆ ತಿಳಿಯಿತು ಅನಿಸುತ್ತದೆ.

ಬೆಳಿಗ್ಗೆ ಐದಕ್ಕೆ ಓಟ. ಆಮೇಲೆ ಬೀಳುವುದು. ಮುಂದಕ್ಕೆ, ಹಿಂದಕ್ಕೆ, ಮಗ್ಗುಲಿಗೆ, ದಿನಕ್ಕೆ ಇನ್ನೂರು ಸಲ. ಎಂಟು ವರ್ಷ ತಪ್ಪಾಗಿ ಬೀಳುತ್ತಿದ್ದೆನಂತೆ. ಡಾಕ್ಟರು ಎಲ್ಲರ ಮೈ ತಪಾಸಣೆ ಮಾಡಿದರು. ನನ್ನದೂ ಮಾಡಿದರು.

ಕಥೆ ಬರೆಯುವವರದೇ ಒಂದು ಕೋಣೆಯಿದೆ. ಐದು ಜನ, ಗಾಜಿನ ಬಾಗಿಲು. ಅವರೆಲ್ಲ ಬರೀ ನಿಂತುಕೊಂಡು ಮಾತಾಡುತ್ತಾರೆ, ಯಾರೂ ಬರೆಯುವುದು ಕಾಣುವುದಿಲ್ಲ. ನಿನ್ನನ್ನು ಅಲ್ಲಿ ಕೂರಿಸಿದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಮಗ್ಗ ಒಳಗೆ ಹಿಡಿಸುವುದಿಲ್ಲ.

ಅಮ್ಮೀಗೆ ಹೇಳು, ತಿನ್ನುತ್ತಿದ್ದೇನೆ.

ನಿನ್ನ ತಮ್ಮ,
ಶಾಹೀದ


ಗಜೇಂದ್ರಗಡ
24 ಜುಲೈ 2024

ಪ್ರೀತಿಯ ಶಾಹೀದ,

ನಿನ್ನೆ ಸೂಡಿಗೆ ಹೋಗಿದ್ದೆ, ನೂಲು ಕೊಡಲು. ಬಸ್ಸು ತಡವಾಗಿದ್ದರಿಂದ ಹೊಂಡದ ಕಲ್ಲಿನ ಮೆಟ್ಟಿಲ ಮೇಲೆ ಕೂತೆ. ನೀರು ಅಲುಗಾಡುತ್ತಿರಲಿಲ್ಲ. ಅಲ್ಲಿ ನಿನಗೊಂದು ಹೊಸ ಆಟ ಸಿಕ್ಕಿತು. ನಿದ್ದಿ ಪೈಲವಾನ ರಿಂಗಿನಲ್ಲಿ ತನ್ನ ಕನಸಿನವರೊಡನೆಯೇ ಮಾತಾಡುತ್ತಾನೆ. ಎದುರಾಳಿಯನ್ನು ತನ್ನ ತೀರಿಹೋದ ಅಪ್ಪ ಎಂದು ತಿಳಿದು ಅಪ್ಪಿಕೊಳ್ಳುತ್ತಾನೆ. ಎದುರಾಳಿ ಹೊಡೆಯಲು ಎತ್ತಿದ ಕೈಯನ್ನು ಇಳಿಸಲೂ ಆಗದೆ, ಹೊಡೆಯಲೂ ಆಗದೆ ನಿಲ್ಲುತ್ತಾನೆ. ಅಷ್ಟೇ. ಅಲ್ಲಿಗೆ ಮುಗಿಯಬೇಕು. ಯಾರೂ ಚಿತ್ ಆಗುವುದಿಲ್ಲ. ನಮ್ಮ ರೋಣದ ಜನ ಇದನ್ನು ಒಪ್ಪುತ್ತಾರೆ. ನಿನ್ನ ಗಾಜಿನ ಕೋಣೆಯವರು?

ಒಂದು ಮಾತು. ನೀನು ಬರುವತನಕ ನಿದ್ದಿ ಪೈಲವಾನನ ಪಾತ್ರವನ್ನು ಬೇರೆಯವರಿಂದ ಮಾಡಿಸೋಣವೇ ಎಂದು ಸಂಗನಬಸವ ಕೇಳುತ್ತಿದ್ದಾನೆ. ನಿನ್ನ ಕರಾರಿನಲ್ಲಿ ಹೆಸರಿನ ಬಗ್ಗೆ ಏನಾದರೂ ಇದೆಯೇ? ನೀನು ಸಹಿ ಮಾಡುವಾಗ ನಾನು ಓದಲು ಕೇಳಿದ್ದೆ. ನೀನು ಇಂಗ್ಲಿಷಿನಲ್ಲಿದೆ, ಬಿಡು ಎಂದಿದ್ದೆ. ನಿಧಾನವಾಗಿ ಓದಿದರೆ ನನಗೂ ಇಂಗ್ಲಿಷು ತಿಳಿಯುತ್ತದೆ.

ನಿನ್ನ ಆಪಾ,
ಯಾಸ್ಮಿನ


ಪನವೇಲ್ ಶಿಬಿರ
13 ಆಗಸ್ಟ್ 2024

ಪ್ರೀತಿಯ ಆಪಾ,

ಕೆಲಸ ಬಹಳ ಇದೆ, ಅದಕ್ಕೇ ತಡ. ಮಳೆ ಬಿಟ್ಟಿಲ್ಲ. ನಿನ್ನ ಹೊಸ ಆಟ ಚಲೋ ಇದೆ. ನಮ್ಮ ಅಬ್ಬಾ ಬಂದ ಹಾಗೆ ಅನಿಸಿತು.

ಹೆಸರಿನ ವಿಷಯ ಇಲ್ಲಿ ಕೇಳಿ ತಿಳಿಸುತ್ತೇನೆ. ಸದ್ಯಕ್ಕೆ ಸಂಗನಬಸವ ಬೇರೆ ಏನಾದರೂ ಮಾಡಲಿ ಅನ್ನು.

ಶಾಹೀದ


ಗಜೇಂದ್ರಗಡ
9 ಸೆಪ್ಟೆಂಬರ್ 2024

ಶಾಹೀದ,

ರಾಜೂರಿನಲ್ಲಿ ಆಟ ಇಟ್ಟುಕೊಂಡಿದ್ದೆವು. ಕೇಳಿ ತಿಳಿಸುತ್ತೇನೆಂದ ನಿನ್ನ ಕಾಗದ ಬರಲಿಲ್ಲವೆಂದು ನಿದ್ದಿ ಪೈಲವಾನನ ಹೆಸರೇ ಹಾಕಿ ಬೋರ್ಡು ಬರೆಸಿ ಆಗಿತ್ತು. ಆ ದಿನ ಮಧ್ಯಾಹ್ನ ರೋಣದಲ್ಲಿ ಸಂಗನಬಸವನ ಮನೆಗೆ ಕಂಪನಿಯ ವಕೀಲರ ನೋಟಿಸು ರಜಿಸ್ಟರ್ ಅಂಚೆಯಲ್ಲಿ ಬಂತು. ಅವನು ಅದನ್ನು ಬನಿಯನ್ನಿನೊಳಗೆ ಇಟ್ಟುಕೊಂಡು ಮೋಟಾರ್ ಸೈಕಲ್ ಮೇಲೆ ನನ್ನ ಹತ್ತಿರ ಬಂದ. ಬೆವರಿಗೆ ಕಾಗದ ಮೆತ್ತಗಾಗಿತ್ತು. ನಿಧಾನವಾಗಿ ಓದಿದೆ. 'ನಿದ್ದಿ ಪೈಲವಾನ' ಎಂಬ ಹೆಸರು, ಅವನ ವೇಷ, ಅವನ ನಡಿಗೆ, ಅವನ ನಿದ್ದೆ, ಎಲ್ಲವನ್ನೂ ಶಾಹೀದ ಎಂಬವರು ತಮ್ಮ ಸ್ವಂತ ಕೃತಿಯೆಂದು ಬರೆದುಕೊಟ್ಟು ಕಂಪನಿಗೆ ಒಪ್ಪಿಸಿದ್ದಾರೆ. ಬೇರೆ ಯಾರೂ ಬಳಸಕೂಡದು.

ಸ್ವಂತ ಕೃತಿ.

ಸಂಗನಬಸವ ನನ್ನ ಮುಖವನ್ನೇ ನೋಡುತ್ತಿದ್ದ. "ಏನ್ ಬರದಾರ ಯಕ್ಕಾ?" ಅಂದ. "ಬೋರ್ಡ್ ಅಳಸು" ಅಂದೆ. ಅವನು ಸುಣ್ಣದ ಡಬ್ಬಿ ತಗೊಂಡು ರಾಜೂರಿಗೆ ಹೋದ.

ಅಮ್ಮೀಗೆ ಹೇಳಿಲ್ಲ. ಭಾನುವಾರದ ಹತ್ತು ನಿಮಿಷ ನೀನು ಅವಳೊಡನೆ ಎಂದಿನಂತೆಯೇ ಮಾತಾಡು.

ಯಾಸ್ಮಿನ


ಪನವೇಲ್ ಶಿಬಿರ
3 ನವೆಂಬರ್ 2024

ಆಪಾ,

ನಾಲ್ಕು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಟೀವಿಯಲ್ಲಿ ನನ್ನ ಮೊದಲ ಕುಸ್ತಿ ನೀವು ನೋಡಿರುತ್ತೀರಿ. ಅದಕ್ಕೆ ಮೊದಲು ನನ್ನನ್ನು ಗಾಜಿನ ಕೋಣೆಗೆ ಕರೆದಿದ್ದರು. ನಿದ್ದೆ ಸರಿ, ಆದರೆ ಜನ ಸುಮ್ಮನಿರುವುದು ಆಗುವುದಿಲ್ಲ ಎಂದರು. ಟೀವಿಯಲ್ಲಿ ಸದ್ದು ನಿಂತರೆ ಮನೆಯಲ್ಲಿ ಕೂತವರು ಚಾನೆಲ್ ತಿರುಗಿಸುತ್ತಾರಂತೆ. ಹಾಗಾಗಿ ನಿದ್ದಿ ಪೈಲವಾನ ಕುಡುಕನಾದ. ಕೈಯಲ್ಲಿ ಬಾಟಲಿ, ಹಿಂದೆ ಹಾಡು. ನಾಲ್ಕು ನಿಮಿಷ. ಎರಡು ಸಲ ಜಾರಿ ಬಿದ್ದು, ಮೂರನೆಯ ಸಲ ಚಿತ್. ಹನ್ನೆರಡು ಸಾವಿರ ಜನ ನಕ್ಕರು. ಆ ನಗು ಮೇಲಿನಿಂದ ನೀರಿನ ಹಾಗೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ರೋಣದಲ್ಲಿ ಕಣ್ಣು ಮುಚ್ಚಿದರೆ ಒಳಗೆ ಬೆಳಕಿರುತ್ತಿತ್ತು. ಇಲ್ಲಿ ಇರಲಿಲ್ಲ.

ನೀನು ಹುಟ್ಟಿಸಿದ ಹೆಸರನ್ನು ಕೊಟ್ಟದ್ದು ತಪ್ಪು. 'ಸ್ವಂತ' ಎಂದು ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು. ತಿಳಿಯದೆ ಮಾಡಿದೆನೆಂದು ಹೇಳಿದರೆ ನೀನು ಕ್ಷಮಿಸಬಹುದು. ಆದರೆ ತಿಳಿದೇ ಮಾಡಿದೆ.

ಆಪಾ, ಅವನಿಂದ ಬಿಡುಗಡೆ ಬೇಕಾಗಿತ್ತು; ಕಂಪನಿಗೆ ಕೊಟ್ಟರೆ ಅವನನ್ನು ಕಳಚಿಡಬಹುದು ಅಂದುಕೊಂಡೆ. ನಿದ್ದೆಯಲ್ಲಿ ಹುಲಿ, ಎಚ್ಚರಾದರೆ ಇಲಿ. ಹಾಗೆ ಬರೆದವಳು ನೀನು. ಪ್ರತಿ ಆಟದ ಕೊನೆಗೆ ಎಚ್ಚರಾಗಿ, ಹೆದರಿ, ಹಗ್ಗದ ಕೆಳಗೆ ನುಸುಳಿ ಓಡುತ್ತಿದ್ದೆ. ಜನ ಪ್ರೀತಿಯಿಂದಲೇ ನಗುತ್ತಿದ್ದರು, ಗೊತ್ತು. ಆದರೆ ಎಂಟು ವರ್ಷ ಎಚ್ಚರಾದಾಗಲೆಲ್ಲ ನಾನು ಹೇಡಿ. ಬಸ್ಸಿನಲ್ಲಿ, ಮಸೀದಿಯಲ್ಲಿ, ಮದುವೆಯಲ್ಲಿ ಎಲ್ಲರೂ ನನ್ನ ಹತ್ತಿರ ಬಂದು ಪಿಸುಗುಟ್ಟುತ್ತಿದ್ದರು, ಎಬ್ಬಿಸಬಾರದೆಂದು. ಒಮ್ಮೆ ಯಾರಾದರೂ ನನ್ನೊಡನೆ ಜೋರಾಗಿ ಮಾತಾಡಲಿ ಅನಿಸುತ್ತಿತ್ತು.

ಇನ್ನೊಂದು ವಿಷಯ. ಇಲ್ಲಿಯ ಡಾಕ್ಟರು ನನ್ನ ಬಲ ಮೊಣಕಾಲಿನ ಫೋಟೋ ತೆಗೆದು, ಇದು ಹರಿದು ಮೂರು ವರ್ಷವಾಗಿದೆ, ಹೇಗೆ ಕುಣಿಯುತ್ತಿದ್ದೆ ಎಂದು ಕೇಳಿದರು. ಮೂರು ವರ್ಷದ ಹಿಂದೆ ನರಗುಂದದಲ್ಲಿ ರಿಂಗಿನ ಮೂಲೆಯ ಕಂಬದ ಮೇಲಿನಿಂದ ಹಾರಿದ್ದೆ. ಆಮೇಲೆ ಪ್ರತಿ ಆಟದಲ್ಲೂ ನೀನು ಆ ಹಾರುವಿಕೆ ಬರೆದೆ, ಜನಕ್ಕೆ ಇಷ್ಟವೆಂದು. ನಾನು ಹೇಳಲಿಲ್ಲ. ನೀನು ಬರೆದೆ, ನಾನು ಹಾರಿದೆ. ಈಗ ಆಪರೇಷನ್ ಆಗಿದೆ, ಕಾಲು ಚಲೋ ಇದೆ. ಅದಕ್ಕೇ ಕಂಪನಿಯನ್ನು ಪೂರಾ ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಉತ್ತರ ಬರೆಯಬೇಕೆಂದೇನೂ ಇಲ್ಲ.

ಶಾಹೀದ


ಗಜೇಂದ್ರಗಡ
22 ಡಿಸೆಂಬರ್ 2024

ಶಾಹೀದ,

ಉತ್ತರ ಬರೆಯಲು ಒಂದೂವರೆ ತಿಂಗಳಾಯಿತು. ನಿನ್ನ ಕಾಗದ ಮಗ್ಗದ ಪಕ್ಕದ ಗೂಡಿನಲ್ಲಿದೆ. ಲಾಳಿ ಆ ಕಡೆಗೆ ಹೋದಾಗಲೆಲ್ಲ ಅದರ ಮೇಲೆ ಕಣ್ಣು ಬೀಳುತ್ತದೆ.

ಟೀವಿಯಲ್ಲಿ ನಿನ್ನನ್ನು ನೋಡಿದೆವು. ಓಣಿಯವರೆಲ್ಲ ಬಂದಿದ್ದರು. ನೀನು ಬಾಟಲಿ ಹಿಡಿದು ಬಂದಾಗ ಅಮ್ಮೀಯನ್ನು ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಚಿತ್ ಆಗಿ ಬಿದ್ದ ಮೇಲೆ ಅವಳು ಎದ್ದು ಟೀವಿಯ ಹತ್ತಿರ ಹೋಗಿ, ಕೂಸಿನ ಜ್ವರ ನೋಡುವ ಹಾಗೆ ಗಾಜಿನ ಮೇಲೆ ಕೈಯಿಟ್ಟಳು. ಪಕ್ಕದ ಮನೆಯ ಗುಲ್ಷನ ಸಮಾಧಾನ ಮಾಡಲು ಹೋಗಿ, "ನಿದ್ದಿ ಮಾಡಾಕತ್ತಾನ ಬಿಡ್ರಿ ಚಾಚಿ" ಎಂದಳು. ಅಮ್ಮೀ, "ನನ್ನ ಮಗಾ ನಿದ್ದಿ ಮಾಡೂದು ನನಗ ಗೊತ್ತಿಲ್ಲೇನ? ಇಂವ ಮಲಗಿಲ್ಲ. ಇಂವನ್ನ ಮಲಗಿಸ್ಯಾರ" ಎಂದಳು.

ಆಮೇಲೆ ನರಗುಂದದ ಆಟ ಬಂತು. ಹೆಸರು ಹೇಳುವ ಹಾಗಿಲ್ಲ, ವೇಷ ಹಾಕುವ ಹಾಗಿಲ್ಲ. ಆದರೆ ಜನ ಕೇಳುವುದು ಅವನನ್ನೇ. ನಾನು ಸಂಗನಬಸವನಿಗೆ, "ರಿಂಗಿನಲ್ಲಿ ಒಂದು ಕೌದಿ ಹಾಸು. ಅದರ ಮೇಲೆ ಯಾರೂ ಇರುವುದಿಲ್ಲ. ನೀನು ಅವನೊಡನೆ ಕುಸ್ತಿ ಆಡು" ಎಂದೆ.

"ಯಾರ ಜೋಡಿ?"

"ಇಲ್ಲದವನ ಜೋಡಿ."

"ಯಕ್ಕಾ, ಒಬ್ಬಾಂವ ಹ್ಯಾಂಗ ಕುಸ್ತಿ ಆಡ್ಲಿ? ಮಂದಿ ಕಲ್ಲ ಒಗೀತಾರ."

"ಎಂಟು ವರ್ಷ ಅವನ ಭಾರ ಹೊತ್ತೀಯಲ್ಲ. ನಿನ್ನ ಭುಜಕ್ಕ ನೆನಪಿಲ್ಲೇನ?"

ಅವನು ಭುಜ ಮುಟ್ಟಿಕೊಂಡ.

ಬಿಸಿಲು ಇಳಿಯುವ ಹೊತ್ತು. ನರಗುಂದದ ಕೋಟೆ ಗುಡ್ಡದ ನೆರಳು ಉದ್ದವಾಗಿ ಬಂದು ರಿಂಗಿನ ಅರ್ಧದವರೆಗೆ ಬಿದ್ದಿತ್ತು. ಏನಾಗುತ್ತಿದೆ ಎಂದು ಯಾರಾದರೂ ಹೇಳಬೇಕಲ್ಲ, ಮೈಕು ನಾನೇ ಹಿಡಿದೆ. ಇಷ್ಟು ವರ್ಷ ಟ್ರ್ಯಾಕ್ಟರ್ ಹಿಂದೆ ಕೂತು ಕಾಗದ ಕಳಿಸುತ್ತಿದ್ದವಳು ಜನರ ಎದುರು ನಿಂತೆ. "ಒಬ್ಬಾಂವ ಮಲಗ್ಯಾನ" ಎಂದೆ. "ಹೆಸರ ಹೇಳಾಕ ಬರೂದಿಲ್ಲ" ಎಂದೆ. ಮೊದಲ ಸಾಲಿನವರು ಹಿಂದಿನವರ ಕಡೆ ತಿರುಗಿ ಬೆರಳೆತ್ತಿದರು. ಸದ್ದು ಮುಂದಿನಿಂದ ಒಂದೊಂದೇ ಸಾಲಾಗಿ ಆರುತ್ತ ಹೋಯಿತು.

ಸಂಗನಬಸವ ಹನ್ನೊಂದು ನಿಮಿಷ ಆಡಿದ. ಏನೂ ಇಲ್ಲದ ಕಡೆ ಕೈ ಹಾಕಿದ, ಸಿಗಲಿಲ್ಲ. ಯಾರೋ ಎತ್ತಿದಂತೆ ನೆಲ ಬಿಟ್ಟು ಎದ್ದ, ಯಾರೋ ಒಗೆದಂತೆ ಬಿದ್ದ. ಒಮ್ಮೆ ಗಾಳಿಯ ಭುಜ ಹಿಡಿದು ಅಲುಗಾಡಿಸಿದಾಗ, ನಾನು ಕಂಡೆ ಶಾಹೀದ, ನಿನ್ನ ತಲೆ ಎಡಕ್ಕೆ ವಾಲಿದ್ದನ್ನು ಕಂಡೆ. ಎಲ್ಲರೂ ಕಂಡರು. ಕೊನೆಗೆ ಅವನು ಚಿತ್ ಆಗಿ ಮೂರು ಎಣಿಕೆ ಮುಗಿದ ಮೇಲೆ ನಿಧಾನ ಎದ್ದು, ಕೌದಿಯ ಅಂಚು ಎಳೆದು ಇಲ್ಲದವನಿಗೆ ಹೊದಿಸಿದ. ಅದನ್ನು ನಾನು ಬರೆದಿರಲಿಲ್ಲ. ಅವನ ಕಣ್ಣು ತುಂಬಿದ್ದವು. ಜನ ಕಾಲು ಸದ್ದು ಮಾಡದೆ ಮನೆಗೆ ಹೋದರು.

ಎಲ್ಲರೂ ಹೋದ ಮೇಲೆ ನಾನು ರಿಂಗ್ ಹತ್ತಿದೆ. ನಿನ್ನ ಸಾವಿರ ಬೀಳುವಿಕೆ ಬರೆದಿದ್ದೇನೆ, ಒಮ್ಮೆಯೂ ಬಿದ್ದು ನೋಡಿರಲಿಲ್ಲ. ಕೈ ಅಗಲಿಸಿ ಬೆನ್ನ ಮೇಲೆ ಬಿದ್ದೆ. ಉಸಿರು ನಿಂತುಹೋಯಿತು. ಬಾಯಿ ತೆರೆದರೂ ಗಾಳಿ ಒಳಗೆ ಬರಲಿಲ್ಲ. ಮೇಲೆ ಮುಗಿಲು ತಿಳಿಯಾಗಿತ್ತು, ಬಹಳ ದೂರ ಇತ್ತು. ಸಂಗನಬಸವ ಓಡಿಬಂದು, "ಯಕ್ಕಾ, ಹುಚ್ಚ ಹಿಡದೈತೇನ ನಿನಗ!" ಎಂದು ಎತ್ತಿ ಕೂರಿಸಿದ. ಎರಡು ದಿನ ಮಗ್ಗದ ಮೇಲೆ ಕೂರಲಾಗಲಿಲ್ಲ.

ಕ್ಷಮಿಸು ಎಂದು ಬರೆಯಬಹುದಿತ್ತು. ಬಿದ್ದದ್ದೇ ಅದಕ್ಕಿಂತ ಖರೇ ಅನಿಸಿತು. ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ. ಅದು ಇನ್ನೂ ಪೂರಾ ಆಗಿಲ್ಲ.

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ನೋಯುತ್ತದೆಯೇ?

ಆಪಾ


ಪನವೇಲ್ ಶಿಬಿರ
12 ಜನವರಿ 2025

ಪ್ರೀತಿಯ ಆಪಾ,

ಮೆಟ್ಟಿಲು ಹತ್ತುವಾಗ ನೋಯುವುದಿಲ್ಲ. ಇಳಿಯುವಾಗ ಸ್ವಲ್ಪ.

ನಿನ್ನ ಕಾಗದ ಓದಿ ಕೋಚ್ ಹತ್ತಿರ ಹೋದೆ. ಕುಡುಕನ ಪಾತ್ರ ಇನ್ನು ಮಾಡುವುದಿಲ್ಲ ಎಂದೆ. "ಹಾಗಾದರೆ ಟೀವಿ ಇಲ್ಲ, ಎಷ್ಟು ತಿಂಗಳೋ ಗೊತ್ತಿಲ್ಲ. ಹೊಸಬರಿಗೆ ಬೀಳಲು ಕಲಿಸುತ್ತ ಇರಬೇಕು. ಕರಾರಿದೆ, ಬೇರೆಲ್ಲೂ ಆಡುವ ಹಾಗೂ ಇಲ್ಲ" ಎಂದರು. ಇರುತ್ತೇನೆ ಎಂದೆ. ನೀನು ಯಾರಾಗಿ ಆಡಬೇಕೆಂದಿರುವೆ ಎಂದು ಕೇಳಿದರು. ಬಾಯಿಗೆ ಬಂದದ್ದು ನನ್ನ ಹೆಸರೇ.

ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ಅಮ್ಮೀಗೆ ಈಗಲೇ ಹೇಳಬೇಡ, ಅಡಿಗೆ ಶುರುಮಾಡಿಬಿಡುತ್ತಾಳೆ.

ನಿನ್ನ ತಮ್ಮ,
ಶಾಹೀದ


ಪನವೇಲ್ ಶಿಬಿರ
23 ಫೆಬ್ರವರಿ 2025

ಪ್ರೀತಿಯ ಆಪಾ,

ಸುಖವಾಗಿ ತಲುಪಿದೆ. ಅಮ್ಮೀ ಕಟ್ಟಿಕೊಟ್ಟ ಬುತ್ತಿ ಇಡೀ ಶಿಬಿರಕ್ಕೆ ಹಂಚಿದೆ.

ರೋಣದಲ್ಲಿ ಕೌದಿಯ ಆಟ ನೋಡಿದ ಸಂಜೆಯ ಬಗ್ಗೆ ಎದುರು ಕೂತು ಹೇಳಲಾಗಲಿಲ್ಲ. ರಿಂಗ್ ಹತ್ತುವ ಹಾಗಿಲ್ಲವೆಂದು ನಾನು ಮುಖಕ್ಕೆ ಟಾವೆಲ್ ಸುತ್ತಿಕೊಂಡು ಜನರ ನಡುವೆ ಹೋಗಿ ಕೂತೆನಲ್ಲ, ಪಕ್ಕದಲ್ಲಿ ಪುರ್ತಗೇರಿಯ ಒಬ್ಬ ಅಜ್ಜಿ ಇದ್ದಳು. ಚನ್ನವ್ವ ಅಂತ. ಮಡಿಲಲ್ಲಿ ಶೇಂಗಾ ಇಟ್ಟುಕೊಂಡಿದ್ದಳು. ನೀನು ಮೈಕಿನಲ್ಲಿ ಮಾತಾಡಿದೆ. ಇಡೀ ಸಂತೆ ಗಪ್ಪಾಯಿತು. ಎಂಟು ವರ್ಷ ಆ ಮೌನದ ನಡುವೆ ಇದ್ದೆ, ಕಣ್ಣು ಮುಚ್ಚಿಕೊಂಡಿದ್ದೆ. ಅದು ಹೇಗೆ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಸಾವಿರ ಮುಖ, ಎಲ್ಲದರ ಮೇಲೂ ಸಂಜೆಯ ಬಿಸಿಲು, ಎಲ್ಲರ ಬಾಯಿ ತುಸು ತೆರೆದಿದೆ. ಯಾರನ್ನೋ ತೊಟ್ಟಿಲಲ್ಲಿ ಮಲಗಿಸಿದವರ ಮುಖ.

ನನಗೆ ಕೆಮ್ಮು ಬಂತು. ಚನ್ನವ್ವ ಸಿಟ್ಟಿನಿಂದ ತಿರುಗಿ ನನ್ನ ತೊಡೆ ಚಿವುಟಿದಳು. "ಸುಮ್ಮನಿರೋ ಭಾಡ್ಯಾ! ಮಲಗಿದಾಂವ ಏಳ್ತಾನ" ಎಂದಳು. ನಾನು ಟಾವೆಲ್ ಬಾಯಿಗೆ ಒತ್ತಿಕೊಂಡೆ. ಆಟ ಮುಗಿಯುವತನಕ ತೆಗೆಯಲಿಲ್ಲ. ಆಮೇಲೆ ಅವಳೇ ಪಾಪ ಅನಿಸಿ ಒಂದು ಹಿಡಿ ಶೇಂಗಾ ಕೊಟ್ಟು, "ಯಾವೂರಾಂವ?" ಎಂದು ಕೇಳಿದಳು. "ಗಜೇಂದ್ರಗಡದಾಂವ್ರಿ" ಎಂದೆ. "ಹಂಗಾದ್ರ ಅಂವ ನಿಮ್ಮೂರಾಂವನ" ಎಂದಳು, ಖಾಲಿ ಕೌದಿಯ ಕಡೆ ಗದ್ದ ಎತ್ತಿ.

ಅವಳ ಮಾತು ಕೇಳಿದ ಮೇಲೆ ನನಗೆ ತಿಳಿಯಿತು ಆಪಾ. ಅವನು ನನ್ನಿಂದ ಹೊರಗೆ ಬಂದಿದ್ದಾನೆ. ಅಲ್ಲೇ ಇದ್ದಾನೆ, ಸುಖವಾಗಿದ್ದಾನೆ. ನಾನು ಅವನೊಳಗೆ ಇರಬೇಕಾಗಿಲ್ಲ.

ಮರುದಿನ ಗುಡ್ಡದ ಮೇಲೆ ನೀನು ಕೇಳಿದೆ, ಕರಾರಿನ ಮೂರು ವರ್ಷ ಮುಗಿದ ಮೇಲೆ ಬರುತ್ತೀಯಾ ಎಂದು. ಫ್ಯಾನಿನ ರೆಕ್ಕೆಯ ನೆರಳು ನಮ್ಮ ಮೇಲೆ ಬಂದು ಬಂದು ಹೋಗುತ್ತಿತ್ತು, ನಾನು ಅದನ್ನೇ ನೋಡುತ್ತ ಕೂತೆ. ಈಗ ಬರೆಯುತ್ತೇನೆ. ಮನೆಗೆ ಬರುತ್ತೇನೆ. ತಂಡಕ್ಕೆ ಬರುವುದಿಲ್ಲ. ಇಲ್ಲಿ ನನ್ನನ್ನು ದೊಡ್ಡವನನ್ನಾಗಿ ಮಾಡುತ್ತಾರೆಂದಲ್ಲ. ಮಾಡದೆಯೂ ಇರಬಹುದು. ಇಲ್ಲಿ ಸೋತರೂ ಅದು ನಾನು ಸೋತದ್ದು.

ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ನಿದ್ದಿ ಪೈಲವಾನ ಕಂಪನಿಗೆ ಬೇಡವಾಗಿದ್ದಾನೆ. ಹೆಸರನ್ನು ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಡುವ ಪತ್ರದಲ್ಲಿ, ಮೂಲ ಬರೆದವರು ಯಾಸ್ಮಿನ ಎಂದು ಸೇರಿಸಲು ಕೇಳಿದೆ. ಸೇರಿಸಿದ್ದಾರೆ. ನಿಧಾನವಾಗಿ ಓದು.

ನಿನ್ನ ತಮ್ಮ,
ಶಾಹೀದ


ಗಜೇಂದ್ರಗಡ
6 ಏಪ್ರಿಲ್ 2025

ಪ್ರೀತಿಯ ಶಾಹೀದ,

ಈದಿನ ಸಲಾಂ ತಡವಾಗಿ ತಲುಪುತ್ತಿದೆ. ನಿನ್ನ ಕಾಗದವನ್ನೂ, ಅದರೊಳಗಿನ ಕಾಗದವನ್ನೂ ನಿಧಾನವಾಗಿ ಓದಿದೆ. ನನ್ನ ಹೆಸರಿನ ಸ್ಪೆಲಿಂಗ್ ತಪ್ಪಿದೆ. ಇರಲಿ.

ಈಗ ಸಂಗನಬಸವನೇ ನಿದ್ದಿ ಪೈಲವಾನ. ಅವನ ಗೊರಕೆ ಎಷ್ಟು ಖರೇ ಎಂದರೆ ಕಳೆದ ವಾರ ನಿಜವಾಗಿಯೇ ಮಲಗಿಬಿಟ್ಟಿದ್ದನೆಂದು ನನಗೆ ಗುಮಾನಿ. ಕೊನೆಯನ್ನು ಬದಲಿಸಿದ್ದೇನೆ. ಎಚ್ಚರಾದ ಮೇಲೆ ಅವನು ಓಡುವುದಿಲ್ಲ. ಎಚ್ಚರಾಗುತ್ತಾನೆ, ಸುತ್ತ ನೋಡುತ್ತಾನೆ, ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಏನೆಂದು ನನಗಿನ್ನೂ ಹೊಳೆದಿಲ್ಲ. ಅಲ್ಲಿಯವರೆಗೆ ಅವನು ನಿಂತೇ ಇರುತ್ತಾನೆ, ಜನ ಕಾಯುತ್ತಾರೆ. ಕಂಬದ ಮೇಲಿನಿಂದ ಹಾರುವುದನ್ನು ತೆಗೆದುಹಾಕಿದ್ದೇನೆ.

ನಿನ್ನೆ ಸಂಜೆ ಏಳಕ್ಕೆ ಟೀವಿಯಲ್ಲಿ ನೀನು ಬಂದೆ. ಹಾಡಿಲ್ಲ, ಬಾಟಲಿಯಿಲ್ಲ. ಕೆಳಗೆ 'ಶಾಹೀದ, ಗಜೇಂದ್ರಗಡ' ಎಂದಷ್ಟೇ ಬರೆದಿದ್ದರು. ಓಣಿಯವರನ್ನು ಕರೆದಿರಲಿಲ್ಲ. ನಾನು, ಅಮ್ಮೀ ಇಬ್ಬರೇ. ಅಮ್ಮೀ ನೂಲುವ ಹಂಜಿಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತವಳು ಒಂದು ಎಳೆಯನ್ನೂ ಮುಟ್ಟಲಿಲ್ಲ.

ನಿನ್ನ ಎದುರಾಳಿ ಅಷ್ಟು ಎತ್ತರದವನು. ಮೂರನೆಯ ನಿಮಿಷದಲ್ಲಿ ಅವನು ನಿನ್ನನ್ನು ಎತ್ತಿದಾಗ ನನ್ನ ಕೈ ತಾನಾಗಿ ಪೆನ್ನು ಹುಡುಕಿತು. ಇಲ್ಲಿ ಇವನು ಹೀಗೆ ತಿರುಗಬೇಕು, ಕೈ ಹೀಗೆ ಹೋಗಬೇಕು. ಪೆನ್ನು ಸಿಕ್ಕರೂ ಏನು ಮಾಡುತ್ತಿದ್ದೆ? ನೀನು ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ಎರಡು ಎಣಿಸುವಷ್ಟರಲ್ಲಿ ಭುಜ ಎತ್ತಿದೆ. ಕ್ಯಾಮೆರಾ ಹತ್ತಿರ ಬಂತು. ಶಾಹೀದ, ನಿನ್ನ ಕಣ್ಣು ಕಂದು ಬಣ್ಣದವು. ನನಗೆ ಗೊತ್ತಿತ್ತು, ಆದರೆ ರಿಂಗಿನಲ್ಲಿ ನೋಡಿದ್ದು ಅದೇ ಮೊದಲು.

"ಗೆಲ್ತಾನೇನ?" ಎಂದು ಅಮ್ಮೀ ಕೇಳಿದಳು.

ಎಂಟು ವರ್ಷ ಅವಳು ಇದೇ ಪ್ರಶ್ನೆ ಕೇಳಿದ್ದಾಳೆ, ಎಂಟು ವರ್ಷ ನಾನು ಉತ್ತರ ಹೇಳಿದ್ದೇನೆ. ಅವಳು ಅದೇ ಭರವಸೆಯಿಂದ ನನ್ನ ಮುಖ ನೋಡುತ್ತಿದ್ದಳು.

"ನನಗ ಗೊತ್ತಿಲ್ಲ ಅಮ್ಮೀ" ಎಂದೆ.

ಅವಳು ನನ್ನ ಕೈ ಹಿಡಿದಳು. ನಾವಿಬ್ಬರೂ ಮುಂದಕ್ಕೆ ಬಾಗಿ ನೋಡುತ್ತ ಕೂತೆವು.

ನಿನ್ನ ಆಪಾ,
ಯಾಸ್ಮಿನ